ದೋಷ ಕಂಡ ಮೇಲೆ ಏನು?

ಗದಗ-ಬೆಟಗೇರಿಯ ವೈದ್ಯಮಿತ್ರರು, ಆರೋಗ್ಯ ಇಲಾಖೆಯ ಅಧಿಕಾರಿಗಳು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಸಿಸ್ಟರ್‌ಗಳು ಇಲ್ಲಿದ್ದೀರಿ. ರಾತ್ರಿ ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದವರೂ ಇದ್ದೀರೆಂದು ಗೊತ್ತು. ನನ್ನ ಮಾತಿನ ನಡುವೆ ಕಣ್ಣೆಳೆದರೆ ತಪ್ಪು ತಿಳಿಯುವುದಿಲ್ಲ.

ನರ್ಸಿಂಗ್ ಹೋಂ ತಪಾಸಣೆಯಲ್ಲಿ ಕಂಡುಬರುವ ಆರೈಕೆ ಮತ್ತು ಸುರಕ್ಷತೆಯ ಲೋಪಗಳು ಎಂಬುದು ಇವತ್ತಿನ ವಿಷಯ. ಲೋಪಗಳ ಪಟ್ಟಿ ಓದಲು ನಾನು ಬೇಕಿಲ್ಲ, ಅದು ನಿಮಗೆಲ್ಲ ಬಾಯಿಪಾಠ. ನೋಂದಣಿ ಪತ್ರದ ಅವಧಿ ಮುಗಿದಿದೆ. ದರಪಟ್ಟಿ ಗೋಡೆಯ ಮೇಲಿಲ್ಲ. ಕೆಂಪು ಚೀಲಕ್ಕೆ ಹೋಗಬೇಕಾದ ಸಲೈನ್ ಬಾಟಲಿ ಹಳದಿ ಚೀಲದಲ್ಲಿದೆ. ಎಮರ್ಜೆನ್ಸಿ ಟ್ರೇಯಲ್ಲಿ ಅವಧಿ ಮೀರಿದ ಇಂಜೆಕ್ಷನ್ ಇದೆ. ಬೆಂಕಿ ಆರಿಸುವ ಸಿಲಿಂಡರ್ ಇದೆ, ಅದನ್ನು ಬಳಸಲು ಬಲ್ಲವರು ಮನೆಗೆ ಹೋಗಿದ್ದಾರೆ. ಇಷ್ಟನ್ನೂ ಬರೆದುಕೊಂಡು ಸಹಿ ಹಾಕಿ ತಂಡ ಜೀಪು ಹತ್ತುತ್ತದೆ. ಆ ಜೀಪು ಹೋದ ಮೇಲಿನ ಸಂಗತಿಯನ್ನು ನಾನು ಮಾತಾಡಬೇಕೆಂದಿದ್ದೇನೆ.

2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಢಾಕುರಿಯಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹೊತ್ತಿತು. ಸತ್ತವರು 90ರ ಆಸುಪಾಸು. ಹೆಚ್ಚಿನವರು ಸುಟ್ಟು ಸಾಯಲಿಲ್ಲ. ಹಾಸಿಗೆಯಿಂದ ಏಳಲಾಗದೆ ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ವಾಹನ ನಿಲ್ಲಿಸಬೇಕಾದ ನೆಲಮಾಳಿಗೆ ಉಗ್ರಾಣವಾಗಿತ್ತು. ಇದು ತಪಾಸಣೆ ನಡೆಯದ ಆಸ್ಪತ್ರೆಯೇನಲ್ಲ. ಅಗ್ನಿಶಾಮಕ ಇಲಾಖೆ ಕೆಲವೇ ತಿಂಗಳ ಹಿಂದೆ ಇದೇ ನೆಲಮಾಳಿಗೆಯನ್ನು ನೋಡಿ ಆಕ್ಷೇಪಿಸಿತ್ತು, ತೆರವು ಮಾಡುತ್ತೇವೆಂದು ಆಸ್ಪತ್ರೆ ಮುಚ್ಚಳಿಕೆ ಬರೆದುಕೊಟ್ಟಿತ್ತು. ದೋಷ ಕಂಡಿತ್ತು, ದಾಖಲಾಗಿತ್ತು, ಗಡುವೂ ಇತ್ತು. ಮತ್ತೊಮ್ಮೆ ಹೋಗಿ ನೋಡುವ ಕೆಲಸವೊಂದೇ ಬಾಕಿ ಉಳಿದಿತ್ತು.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಕಾನೂನಿದೆ. 1976ರಲ್ಲಿ ಖಾಸಗಿ ನರ್ಸಿಂಗ್ ಹೋಂಗಳ ನಿಯಂತ್ರಣ ಕಾಯ್ದೆ ಬಂತು, ಅದರ ಜಾಗಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ನಾವು ದಿನಬೆಳಗಾದರೆ ಹೇಳುವ ಕೆಪಿಎಂಇ ಬಂತು. ಅದರಡಿಯ ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಅಂದರೆ ಡಿಎಚ್‌ಒ ಸದಸ್ಯ ಕಾರ್ಯದರ್ಶಿ. 2017ರ ತಿದ್ದುಪಡಿಯ ಹೊತ್ತಿನಲ್ಲಿ ಏನಾಯಿತೆಂಬುದು ಇಲ್ಲಿರುವ ವೈದ್ಯರಿಗೆ ನೆನಪಿದೆ. ಕೆ. ಆರ್. ರಮೇಶ್ ಕುಮಾರ್ ಆರೋಗ್ಯ ಮಂತ್ರಿ, ಬೆಳಗಾವಿಯಲ್ಲಿ ಅಧಿವೇಶನ, ನವೆಂಬರಿನಲ್ಲಿ ರಾಜ್ಯದುದ್ದಕ್ಕೂ ಖಾಸಗಿ ಆಸ್ಪತ್ರೆಗಳ ಮುಷ್ಕರ. ಸರ್ಕಾರಿ ಆಸ್ಪತ್ರೆಗಳನ್ನೇಕೆ ಈ ಕಾಯ್ದೆಯೊಳಗೆ ತರುವುದಿಲ್ಲ ಎಂದು ವೈದ್ಯರು ಆಗ ಕೇಳಿದ ಪ್ರಶ್ನೆ ಇನ್ನೂ ನಿಂತಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಸಲೈನ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿದ್ದಾಗ ಆ ಪ್ರಶ್ನೆ ಹೊಸದಾಗಿ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಕ್ಕದ ಮನೆಯಲ್ಲೂ ದೀಪವಿಲ್ಲ ಎಂದು ತೋರಿಸಿದರೆ ನಮ್ಮ ಮನೆಯ ಕತ್ತಲು ಹೋಗುವುದಿಲ್ಲವಲ್ಲ.

ಕಾಯ್ದೆಯಲ್ಲಿ ದಂಡವಿದೆ, ನೋಂದಣಿಯ ಅಮಾನತು ಇದೆ, ರದ್ದತಿಯೂ ಇದೆ. ತಾಲೂಕು ಮಟ್ಟದಲ್ಲಿ ಜನರ ಕಣ್ಣಿಗೆ ಬೀಳುವವು ಮಾತ್ರ ಎರಡೇ, ನೋಟಿಸ್ ಮತ್ತು ಬೀಗ. ನೋಟಿಸಿಗೆ ಉತ್ತರ ಬರೆಯುವುದು ಎಲ್ಲರಿಗೂ ಅಭ್ಯಾಸವಾಗಿದೆ. ಬೀಗ ಹಾಕಿದ ದಿನ ಫೋಟೊ ಬರುತ್ತದೆ. ಬೀಗ ಬಿದ್ದ ಊರಿನ ಕಥೆ ಯಾರೂ ಬರೆಯುವುದಿಲ್ಲ. ಮುಂಡರಗಿಯಿಂದ ಗದಗಕ್ಕೆ ಸುಮಾರು 40 ಕಿಲೋಮೀಟರ್, ಲಕ್ಷ್ಮೇಶ್ವರದಿಂದಲೂ ಹೆಚ್ಚುಕಡಿಮೆ ಅಷ್ಟೇ. ಕಪ್ಪತಗುಡ್ಡದ ಆಚೆಯ ಹಳ್ಳಿಯವರಿಗೆ ಇನ್ನೂ ದೂರ. ಹತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಂ ಮುಚ್ಚಿದರೆ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದ ಹೆಣ್ಣುಮಗಳಿಗೆ ಉಳಿಯುವುದು ಗದಗದ ದಾರಿ. ಅಲ್ಲಿಂದ ಮುಂದಕ್ಕೆ ‘ಹುಬ್ಬಳ್ಳಿಗೆ ಒಯ್ರಿ’ ಎಂಬ ಮಾತು. ಈ ಲೆಕ್ಕ ಅಧಿಕಾರಿಗಳಿಗೂ ಗೊತ್ತು. ಅದಕ್ಕೇ ಬೀಗ ಹಾಕಲು ಅವರ ಕೈ ಹಿಂಜರಿಯುತ್ತದೆ. ಹಿಂಜರಿದ ಕೈ ಮತ್ತೊಂದು ನೋಟಿಸ್ ಬರೆಯುತ್ತದೆ. ನಮ್ಮ ತಪಾಸಣೆ ಸಡಿಲವಾಗಿರುವುದಕ್ಕೆ ಲಂಚ, ವಶೀಲಿ ಎಂದೆಲ್ಲ ಕಾರಣ ಹೇಳುತ್ತೇವೆ. ಅವು ಇರಬಹುದು. ನನ್ನ ತಿಳಿವಳಿಕೆಯಲ್ಲಿ ದೊಡ್ಡ ಕಾರಣ ಬೇರೆ: ನೋಟಿಸಿಗೂ ಬೀಗಕ್ಕೂ ನಡುವೆ ನಾವು ಮೆಟ್ಟಿಲುಗಳನ್ನೇ ಕಟ್ಟಿಲ್ಲ.

ದರಪಟ್ಟಿ ಇಲ್ಲದಿರುವುದೂ ಒಂದು ದೋಷ, ಆಮ್ಲಜನಕದ ಸಿಲಿಂಡರ್ ಖಾಲಿ ಇರುವುದೂ ಒಂದು ದೋಷ. ನಮ್ಮ ವರದಿಯಲ್ಲಿ ಎರಡೂ ಅಕ್ಕಪಕ್ಕದ ಸಾಲುಗಳಲ್ಲಿ, ಒಂದೇ ದಪ್ಪದ ಅಕ್ಷರದಲ್ಲಿ ಇರುತ್ತವೆ. ದೋಷವನ್ನು ಅಪಾಯಕ್ಕೆ ತಕ್ಕಂತೆ ಅಳೆಯುವ ಒಂದು ಮಾದರಿ ಅಮೆರಿಕದಲ್ಲಿದೆ. ಅಲ್ಲಿ ನರ್ಸಿಂಗ್ ಹೋಂ ಎಂದರೆ ವೃದ್ಧರು ವರ್ಷಗಟ್ಟಲೆ ಇರುವ ಆರೈಕೆ ಮನೆ. ಅಲ್ಲಿಯ ಹೀನ ಸ್ಥಿತಿಯ ಬಗ್ಗೆ ಗದ್ದಲವೆದ್ದು 1987ರಲ್ಲಿ ಒಂದು ಸುಧಾರಣಾ ಕಾನೂನು ಬಂತು. ಹೆಚ್ಚೆಂದರೆ 15 ತಿಂಗಳಿಗೊಮ್ಮೆ ತಪಾಸಣೆ ಆಗಲೇಬೇಕು, ಅದೂ ಮುನ್ಸೂಚನೆಯಿಲ್ಲದೆ. ತಂಡ ಬರುವ ದಿನವನ್ನು ಮೊದಲೇ ತಿಳಿಸಿದ ವ್ಯಕ್ತಿಗೆ 2,000 ಡಾಲರ್‌ವರೆಗೆ ದಂಡವೆಂದು ಕಾನೂನಿನಲ್ಲೇ ಬರೆದಿಟ್ಟರು. ‘ನಾಳೆ ಸಾಹೇಬ್ರು ಬರ್ತಾರಂತ, ಬೆಡ್‌ಶೀಟ್ ಬದಲಿಸ್ರಿ’ ಎಂಬ ಫೋನು ನಮ್ಮ ಕಡೆ ಎಷ್ಟು ಸಲ ಬಂದಿದೆ ಎಂದು ಇಲ್ಲಿ ಯಾರನ್ನೂ ಕೇಳುವುದಿಲ್ಲ, ನಗು ಬರುವುದೇ ಸಾಕು. ಕಂಡ ದೋಷಕ್ಕೆ ಅಲ್ಲಿ ‘ಎ’ಯಿಂದ ‘ಎಲ್’ವರೆಗೆ ಒಂದು ಅಕ್ಷರ ಬೀಳುತ್ತದೆ. ರೋಗಿಗೆ ಎಷ್ಟು ಅಪಾಯ, ಎಷ್ಟು ಜನರಿಗೆ ಅಪಾಯ ಎಂಬ ಎರಡು ಅಳತೆ ಕೂಡಿ ಆ ಅಕ್ಷರ. ಕೊನೆಯ ಮೂರು ಅಕ್ಷರ ಬಿದ್ದರೆ ಜೀವಕ್ಕೆ ಈಗಲೇ ಕುತ್ತು ಎಂದರ್ಥ. ತಪಾಸಣೆಯ ಫಲಿತಾಂಶವನ್ನು ಅಲ್ಲಿ ವಾಸಿಸುವವರು ಓದುವ ಜಾಗದಲ್ಲೇ ಇಡಬೇಕು. ಇಷ್ಟಾದರೂ ಅಲ್ಲಿ ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಕೋವಿಡ್ ಬಂದಾಗ ಆ ಆರೈಕೆ ಮನೆಗಳಲ್ಲೇ ಹೆಣ ಬಿದ್ದವು. ಅಕ್ಷರ ಕೊಡುವುದರಿಂದ ಸಿಬ್ಬಂದಿ ಹುಟ್ಟುವುದಿಲ್ಲ. ಯಾವ ದೋಷಕ್ಕೆ ಮೊದಲು ಓಡಬೇಕೆಂಬುದು ಮಾತ್ರ ಗೊತ್ತಾಗುತ್ತದೆ, ಮತ್ತು ನಮಗೆ ಅದೇ ಗೊತ್ತಾಗುತ್ತಿಲ್ಲ.

ಹಾಗೆಂದು ಕಾಗದದ ದೋಷವನ್ನು ಹಗುರ ಮಾಡಿ ಮಾತಾಡುವುದು ಸಲ್ಲ. 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ ವಿಹಾರದ ಒಂದು ಚಿಕ್ಕ ನವಜಾತ ಶಿಶು ಆಸ್ಪತ್ರೆ ಹೊತ್ತಿ ಉರಿಯಿತು. ಕನಿಷ್ಠ ಆರು ಹಸುಗೂಸುಗಳು ತೀರಿಹೋದವು. ಅದರ ಪರವಾನಗಿಯ ಅವಧಿ ಮಾರ್ಚ್ 31ಕ್ಕೇ ಮುಗಿದಿತ್ತು. ಅನುಮತಿ ಇದ್ದದ್ದು ಐದು ಹಾಸಿಗೆಗೆ, ಒಳಗಿದ್ದ ಶಿಶುಗಳು 12. ಆಮ್ಲಜನಕದ ಸಿಲಿಂಡರುಗಳು ಸಿಡಿದವು. ಅವಧಿ ಮುಗಿದ ಕಾಗದ ಎಂದರೆ ಈ ಕಟ್ಟಡದೊಳಗೆ ಇಷ್ಟು ದಿನದಿಂದ ಯಾರೂ ಕಾಲಿಟ್ಟಿಲ್ಲ ಎಂಬ ಸುದ್ದಿ. ಅಲ್ಲಿಗೆ ಮೊದಲು ಹೋಗಬೇಕು. ಹೋದವರು ಮಾತ್ರ ಕಾಗದ ನೋಡಿ ತಿರುಗಬಾರದು, ಹಾಸಿಗೆ ಎಣಿಸಬೇಕು.

ಈಗ ಸಿಸ್ಟರ್‌ಗಳ ಮಾತಿಗೆ ಬರುತ್ತೇನೆ. ಈ ಭಾಷಣವನ್ನು ಒಪ್ಪಿಕೊಂಡದ್ದೇ ಇದಕ್ಕಾಗಿ.

1949ರಲ್ಲಿ ಮುಂಬೈ ಪ್ರಾಂತ ನರ್ಸಿಂಗ್ ಹೋಂಗಳ ನೋಂದಣಿಗೆ ಒಂದು ಕಾಯ್ದೆ ಮಾಡಿತು. ಆಗ ಗದಗ ಅದೇ ಪ್ರಾಂತದ ಧಾರವಾಡ ಜಿಲ್ಲೆಯ ತಾಲೂಕು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಿಂದ ಹಿಂದಿನ ವರ್ಷವಷ್ಟೇ ಅದರೊಳಗೆ ಬಂದಿತ್ತು. ಆ ಹಳೆಯ ಕಾಯ್ದೆ ನೋಂದಣಿ ನಿರಾಕರಿಸಲು ಕೊಟ್ಟ ಕಾರಣಗಳಲ್ಲಿ ಒಂದು, ಆರೈಕೆಗೆ ನೇಮಿಸಿದವರಲ್ಲಿ ತರಬೇತಾದ ನರ್ಸುಗಳ ಪ್ರಮಾಣ ಸರಿಯಾಗಿಲ್ಲದಿರುವುದು. ಮುಕ್ಕಾಲು ಶತಮಾನದ ಹಿಂದೆಯೇ ಕಾನೂನು ಬರೆದವರಿಗೆ ನರ್ಸಿಂಗ್ ಹೋಮಿನ ಜೀವ ಎಲ್ಲಿದೆಯೆಂದು ಗೊತ್ತಿತ್ತು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ನಮ್ಮ ಪಟ್ಟಣಗಳಲ್ಲಿ ರಾತ್ರಿ ಹತ್ತರ ಮೇಲೆ ಎರಡು ಮಹಡಿಗೆ ಒಬ್ಬಳೇ ಹುಡುಗಿ ಓಡಾಡುವುದನ್ನು ಕಂಡವರು ಈ ಸಭೆಯಲ್ಲಿ ಬಹಳ ಜನ. ಕೆಲವು ಕಡೆ ಆಕೆ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಇನ್ನೂ ಮುಗಿಸಿರುವುದಿಲ್ಲ. ಹಗಲು ಹನ್ನೊಂದಕ್ಕೆ ಬಂದ ತಂಡಕ್ಕೆ ಹಾಜರಿ ಪುಸ್ತಕದಲ್ಲಿ ಹೆಸರುಗಳು ತುಂಬಿ ಕಾಣುತ್ತವೆ. ಸಲೈನ್ ಮುಗಿದು ನಳಿಗೆಯಲ್ಲಿ ರಕ್ತ ಮೇಲೇರುವುದು, ಲೇಬರ್ ರೂಮಿನ ಬಾಣಂತಿಗೆ ರಕ್ತಸ್ರಾವ ಹೆಚ್ಚಾದದ್ದು ಅರ್ಧ ಗಂಟೆ ತಡವಾಗಿ ತಿಳಿಯುವುದು, ಜನರೇಟರ್ ಶುರು ಮಾಡಬಲ್ಲ ವಾಚ್‌ಮನ್ ಚಹಾಕ್ಕೆ ಹೋದಾಗಲೇ ಕರೆಂಟ್ ಹೋಗುವುದು, ಇವೆಲ್ಲ ಹಾಜರಿ ಪುಸ್ತಕಕ್ಕೆ ಸಿಗದ ಹೊತ್ತಿನಲ್ಲಿ ನಡೆಯುತ್ತವೆ.

ನರ್ಸು ಸಿಗುವುದಿಲ್ಲ ಎಂದು ಮಾಲೀಕ ವೈದ್ಯರು ಹೇಳುತ್ತೀರಿ. ಸಿಕ್ಕವರು ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋಗುತ್ತಾರೆ ನಿಜ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದ ಮೇಲೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ಇಲ್ಲಿರುವ ಸಿಸ್ಟರ್‌ಗಳಿಗೆ ಕೈ ಎತ್ತಲು ಹೇಳುವುದಿಲ್ಲ, ಪಕ್ಕದಲ್ಲೇ ಮಾಲೀಕರು ಕೂತಿದ್ದಾರೆ. ಆದರೆ ತಪಾಸಣೆಯ ನಮೂನೆಯಲ್ಲಿ ಸಂಬಳದ ಕಾಲಂ ಇಲ್ಲದಿದ್ದರೆ ಆರೈಕೆಯ ಲೋಪಕ್ಕೆ ಕಾರಣ ಹುಡುಕುವ ಶ್ರಮ ಅರ್ಧಕ್ಕೇ ನಿಂತಂತೆ.

ನರ್ಸು ಇಲ್ಲದ ಕಡೆ ಆರೈಕೆ ಮಾಡುವವರು ಯಾರು? ‘ಪೇಷಂಟ್ ಕಡೆಯವರು’. ನಮ್ಮ ಸೀಮೆಯ ನರ್ಸಿಂಗ್ ಹೋಂಗಳು ನಡೆಯುತ್ತಿರುವುದೇ ಅವರಿಂದ. ಬುತ್ತಿ ತರುವವರು ಅವರು, ಮೂತ್ರದ ಚೀಲ ಖಾಲಿ ಮಾಡುವವರು ಅವರು, ಸಲೈನ್ ಮುಗಿಯಿತೆಂದು ಮಧ್ಯರಾತ್ರಿ ಸಿಸ್ಟರನ್ನು ಎಬ್ಬಿಸುವವರೂ ಅವರೇ. ಯಾವ ತಪಾಸಣೆಯೂ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರಿಲ್ಲದ ಮುದುಕರ ಗತಿಯೇನು? 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ. 9.5 ಇದ್ದರು, ಈಗ ಅದಕ್ಕಿಂತ ಹೆಚ್ಚು. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಲಕ್ವ ಹೊಡೆದ ತಂದೆ ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹಾಸಿಗೆ ಹುಣ್ಣು ಬೀಳುತ್ತದೆ, ಒಮ್ಮೆ ಬಿದ್ದರೆ ಎಲುಬು ಕಾಣುವವರೆಗೂ ಹೋಗುತ್ತದೆ. ತಪಾಸಣೆಯವರು ಒಬ್ಬ ರೋಗಿಯನ್ನಾದರೂ ಮಗ್ಗುಲು ಹೊರಳಿಸಿ ಬೆನ್ನು ನೋಡಿದ್ದಾರೆಯೇ? ಆ ಮನೆಯ ಆರೈಕೆ ಎಂಥದ್ದೆಂದು ಬೆನ್ನೇ ಹೇಳುತ್ತದೆ, ಅದಕ್ಕೆ ರಿಜಿಸ್ಟರ್ ಬೇಡ.

ವೃದ್ಧರ ಆರೈಕೆ ಮನೆಗಳ ಸ್ಥಿತಿ ಇನ್ನೂ ಬಯಲು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಗೆ 2019ರಲ್ಲಿ ಒಂದು ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಆರೈಕೆ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲ ಅದರಲ್ಲಿತ್ತು. ಆ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು.

ಸಣ್ಣ ನರ್ಸಿಂಗ್ ಹೋಮಿನವರು ಎಲ್ಲವನ್ನೂ ಒಬ್ಬೊಬ್ಬರೇ ಹೊರಲಾರರು ಎಂಬುದನ್ನು ಒಪ್ಪುತ್ತೇನೆ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು, ಒಬ್ಬೊಬ್ಬ ರೈತನಿಗೆ ಆಗದ್ದನ್ನು ಹತ್ತು ಜನ ಸೇರಿ ಮಾಡಲಿಕ್ಕೆ. ಲಕ್ಷ್ಮೇಶ್ವರ, ಶಿರಹಟ್ಟಿಯ ನರ್ಸಿಂಗ್ ಹೋಂಗಳೆಲ್ಲ ಸೇರಿ ಸೋಂಕು ತಡೆಯುವ ತರಬೇತಾದ ಒಬ್ಬ ನರ್ಸನ್ನು ಸಂಬಳಕ್ಕಿಟ್ಟುಕೊಳ್ಳಬಹುದು. ಆಕೆ ದಿನಕ್ಕೊಂದು ಆಸ್ಪತ್ರೆಗೆ ಹೋಗಿ ಆಟೋಕ್ಲೇವ್ ನೋಡಲಿ, ಓಟಿ ನೋಡಲಿ, ಬೆನ್ನು ನೋಡಲಿ. ಬೆಂಕಿಯ ಅಣಕು ಕವಾಯತನ್ನು ಒಟ್ಟಾಗಿ ಮಾಡಿ. ರಾತ್ರಿ ಡ್ಯೂಟಿಗೆ ಬದಲಿ ಬೇಕಾದಾಗ ಕರೆಯಲು ಒಂದು ಸಾಮಾನ್ಯ ಪಟ್ಟಿ ಇರಲಿ. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಿಲ್ಲ.

ಇಲಾಖೆಯವರ ಪಾಲಿನ ಕೆಲಸ ಇಷ್ಟು. ಇಂದಿನ ಗೋಷ್ಠಿಗಳಿಗೆ ನಿಮ್ಮ ಈಗಿನ ತಪಾಸಣಾ ನಮೂನೆಯ ಪ್ರತಿ ತಂದಿದ್ದೀರೆಂದು ಕೇಳಿದೆ. ಮಧ್ಯಾಹ್ನದ ಊಟದೊಳಗೆ ಅದರಲ್ಲಿರುವ ಒಂದೊಂದು ಅಂಶವನ್ನೂ ಮೂರು ಗುಂಪಿಗೆ ಹಾಕಿ: ಈ ರಾತ್ರಿಯೇ ಜೀವ ತೆಗೆಯಬಲ್ಲದ್ದು, ತಿಂಗಳೊಳಗೆ ಸರಿಯಾಗಬೇಕಾದದ್ದು, ಕಾಗದದಲ್ಲಿ ಮುಗಿಯುವಂಥದ್ದು. ಎಲ್ಲಿ ಒಮ್ಮತವಾಗುವುದಿಲ್ಲವೋ ಅಲ್ಲಿ ಸಿಸ್ಟರ್‌ಗಳ ಮಾತಿಗೆ ಹೆಚ್ಚು ಬೆಲೆ ಕೊಡಿ. ಮೊದಲ ಗುಂಪಿನ ದೋಷ ಕಂಡಲ್ಲಿಗೆ ಮತ್ತೆ ಹೋಗುವ ದಿನಾಂಕವನ್ನು ಅದೇ ಹಾಳೆಯ ಮೇಲೆ ಬರೆಯಿರಿ, ಅದು ರಾತ್ರಿಯ ಭೇಟಿಯಾಗಿರಲಿ, ಮತ್ತು ಆ ಹಾಳೆಯ ಪ್ರತಿಯನ್ನು ದರಪಟ್ಟಿಯ ಪಕ್ಕದಲ್ಲಿ ಕನ್ನಡದಲ್ಲಿ ಅಂಟಿಸಿ. ಗೋಷ್ಠಿ ಒಂದರವರು ಬಲಗಡೆಯ ಕೋಣೆಗೆ ಹೋಗಬಹುದು.