ವೇಗದ ಕಾರಿಗೆ ತಕ್ಕ ಎಣ್ಣೆ



ಈ ದಿನ ನಾವು ಹೇಳಬೇಕೆಂದಿರುವ ವಿಷಯವು ಎಂಜಿನಿನ ಎಣ್ಣೆ. ಇದು ಗ್ಯಾರೇಜಿನವರಿಗೆ ಸೇರಿದ್ದು, ಓದುಬರಹದ ಗೃಹಸ್ಥರಿಗೆ ಇದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಆದರೆ ಲಕ್ಷಗಟ್ಟಲೆ ಬೆಲೆಯ ಕಾರೊಂದನ್ನು ಮನೆಗೆ ತಂದು, ಅದರ ಶಕ್ತಿಯ ಮೇರೆಯವರೆಗೂ ಓಡಿಸಿ ನೋಡಬೇಕೆಂಬ ಆಸೆಯು ನಮ್ಮ ತರುಣರಲ್ಲಿ ಈಗ ಹುಟ್ಟಿದೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಕೆಲವು ಲೀಟರು ಎಣ್ಣೆಯ ಆಯ್ಕೆಯಲ್ಲಿ ವಿವೇಕ ಸಾಲದೆ ಹೋದರೆ ಮಾತ್ರ, ಒಂದು ಮಧ್ಯಾಹ್ನದಲ್ಲಿಯೇ ಆ ಯಂತ್ರವು ಹಾಳಾಗಿಹೋಗುವ ಸಂಭವ ಉಂಟು.

ಇಂಥ ಕಾರುಗಳವರಿಗಾಗಿ ಪಂದ್ಯದ ಪಥಗಳನ್ನು ದಿನದ ಬಾಡಿಗೆಗೆ ತೆರೆಯುವ ಪದ್ಧತಿಯಿದೆ. ಅದನ್ನು ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಅಲ್ಲಿ ಬಹುಮಾನವಿಲ್ಲ, ಸ್ಪರ್ಧೆಯಿಲ್ಲ; ಹದಿನೈದಿಪ್ಪತ್ತು ನಿಮಿಷಗಳ ಸರದಿಯಲ್ಲಿ ತಮ್ಮ ತಮ್ಮ ಕಾರುಗಳನ್ನು ತಾವೇ ಓಡಿಸಬಹುದು. ಕೊಯಮತ್ತೂರಿನ ಸಮೀಪದ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಸುಮಾರು ೨.೧ ಕಿಲೋಮೀಟರಿನ ಪಥವೂ, ಮದರಾಸಿನ ಸಮೀಪ ಇರುಂಗಾಟುಕೋಟ್ಟೈಯಲ್ಲಿರುವ ಸುಮಾರು ೩.೭ ಕಿಲೋಮೀಟರಿನ ಪಥವೂ ದಕ್ಷಿಣ ದೇಶದಲ್ಲಿ ಹೆಸರಾದುವು.

ದೃಷ್ಟಾಂತಕ್ಕಾಗಿ ನಾವು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ತೆಗೆದುಕೊಳ್ಳೋಣ. ಮೂರೂ ರಾಷ್ಟ್ರೀಯ ಹೆದ್ದಾರಿ ೧೫೦ಎ ಎಂಬ ಒಂದೇ ರಸ್ತೆಯ ಮೇಲಿವೆ. ಇವುಗಳನ್ನು ಆರಿಸಿದುದಕ್ಕೆ ಮೂರು ಕಾರಣಗಳುಂಟು. ಒಂದು, ಬಿಸಿಲು: ಬೇಸಗೆಯಲ್ಲಿ ಅಲ್ಲಿ ನೆರಳಿನಲ್ಲಿಯೇ ೪೦ ಡಿಗ್ರಿ ಮೀರುವುದು ಅಪರೂಪವಲ್ಲ. ಎರಡು, ದೂರ: ಸಿಂಧನೂರಿನಿಂದ ಬಳ್ಳಾರಿ, ಹಿರಿಯೂರು, ಬೆಂಗಳೂರುಗಳ ಮೇಲೆ ಕೊಯಮತ್ತೂರಿಗೆ ೭೦೦ ಕಿಲೋಮೀಟರಿಗೂ ಹೆಚ್ಚು. ಪಂದ್ಯದ ಕಾರು ಲಾರಿಯ ಮೇಲೆ ಕುಳಿತು ಹೋಗಿ ಲಾರಿಯ ಮೇಲೆಯೇ ಹಿಂದಿರುಗುತ್ತದೆ. ನಾವು ಹೇಳುತ್ತಿರುವ ಕಾರಾದರೋ ತನ್ನ ಗಾಲಿಗಳ ಮೇಲೆಯೇ ಹೋಗಿ, ಸಾಹಸ ಮುಗಿಸಿ, ತನ್ನ ಗಾಲಿಗಳ ಮೇಲೆಯೇ ಮನೆಗೆ ಬರಬೇಕು. ಮೂರು, ಅನುಭವ: ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಆ ಸೀಮೆಯಲ್ಲಿ ಟ್ರ್ಯಾಕ್ಟರು, ಕಟಾವು ಯಂತ್ರಗಳ ಎಣ್ಣೆಯ ವಿಚಾರವಾಗಿ ಮನೆಮನೆಗೂ ಒಂದು ಅಭಿಪ್ರಾಯವುಂಟು. ಆ ಅಭಿಪ್ರಾಯವು ಎಲ್ಲಿ ನಿಜ, ಎಲ್ಲಿ ನಿಜವಲ್ಲ ಎಂಬುದನ್ನು ನೋಡತಕ್ಕದ್ದಾಗಿದೆ.

ಮೊದಲು ಎಣ್ಣೆಯು ಮಾಡುವ ಕೆಲಸವೇನು? ಬಂಡಿಯ ಅಚ್ಚಿಗೆ ಔಡಲೆಣ್ಣೆ ಹಚ್ಚುತ್ತಿದ್ದ ನಮ್ಮ ಹಿರಿಯರಿಗೆ, ಎಣ್ಣೆಯಿಲ್ಲದ ಕಬ್ಬಿಣವು ಕಬ್ಬಿಣವನ್ನು ತಿನ್ನುವುದೆಂದು ತಿಳಿದಿತ್ತು. ಆದರೆ ವೇಗವಾಗಿ ತಿರುಗುವ ಯಂತ್ರದಲ್ಲಿ ಎಣ್ಣೆಯು ಕೇವಲ ಜಾರಿಸುವುದಿಲ್ಲ. ಅದು ಎತ್ತಿ ಹಿಡಿಯುತ್ತದೆ. ೧೮೮೩ರಲ್ಲಿ ಬೋಷಾಂ ಟವರ್ ಎಂಬ ಆಂಗ್ಲ ಎಂಜಿನಿಯರು ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ತಿರುಗುವ ಅಚ್ಚಿನ ಸುತ್ತಲಿನ ಎಣ್ಣೆಯಲ್ಲಿ ಅಪಾರವಾದ ಒತ್ತಡವು ಹುಟ್ಟುವುದನ್ನು ಕಂಡನು. ಅದರ ಗಣಿತವನ್ನು ೧೮೮೬ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ವಿವರಿಸಿದನು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಯೊಳಕ್ಕೆ ಎಳೆದುಕೊಂಡು, ಆ ತೆಳುಪೊರೆಯ ಮೇಲೆ ತೇಲುತ್ತದೆ. ಈ ಪೊರೆಯು ಇರುವವರೆಗೆ ಲೋಹವು ಲೋಹವನ್ನು ಮುಟ್ಟುವುದಿಲ್ಲ. ಪೊರೆಯ ದಪ್ಪವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಅಚ್ಚಿನ ವೇಗ, ಮೇಲೆ ಬಿದ್ದ ಭಾರ, ಮತ್ತು ಹರಿಯಲು ಎಣ್ಣೆಯು ತೋರಿಸುವ ಪ್ರತಿರೋಧ. ಈ ಕೊನೆಯದನ್ನೇ ವಿಜ್ಞಾನಿಗಳು ಸ್ನಿಗ್ಧತೆ ಎನ್ನುತ್ತಾರೆ. ಎಣ್ಣೆಯ ಆಯ್ಕೆಯೆಂದರೆ ಬಹುಮಟ್ಟಿಗೆ ಸ್ನಿಗ್ಧತೆಯ ಆಯ್ಕೆ.

ಸ್ನಿಗ್ಧತೆಯ ಪರಮಶತ್ರು ಉಷ್ಣ. ಸಾಧಾರಣ ರಸ್ತೆಯ ಓಡಾಟದಲ್ಲಿ ಕಾರಿನ ಎಂಜಿನು ತನ್ನ ಶಕ್ತಿಯ ಒಂದು ಅಲ್ಪಾಂಶವನ್ನು ಮಾತ್ರ ವೆಚ್ಚಮಾಡುತ್ತದೆ. ಎಣ್ಣೆಯ ಉಷ್ಣತೆ ೯೦ರಿಂದ ೧೧೦ ಡಿಗ್ರಿಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಥದ ಮೇಲೆ ಹಾಗಲ್ಲ. ಅಲ್ಲಿ ಕಾಲು ಒಂದೋ ಪೂರ್ತಿ ಒತ್ತಿರುತ್ತದೆ, ಇಲ್ಲವೆ ಬ್ರೇಕಿನ ಮೇಲಿರುತ್ತದೆ. ಕೆಲವೇ ಸುತ್ತುಗಳಲ್ಲಿ ಎಣ್ಣೆಯು ೧೨೦, ೧೩೦ ಡಿಗ್ರಿಗಳನ್ನು ದಾಟಬಹುದು. ಸಾಮಾನ್ಯವಾದ ೪೦ನೆಯ ದರ್ಜೆಯ ಎಣ್ಣೆಯನ್ನು ೧೦೦ ಡಿಗ್ರಿಯಿಂದ ೧೩೦ ಡಿಗ್ರಿಗೆ ಕಾಯಿಸಿದರೆ ಅದರ ಸ್ನಿಗ್ಧತೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಅದೇ ಎಣ್ಣೆಯು ಸುಮಾರು ೧೧೦ ಡಿಗ್ರಿಯಲ್ಲಿಯೇ, ೩೦ನೆಯ ದರ್ಜೆಯ ಎಣ್ಣೆಯು ೧೦೦ ಡಿಗ್ರಿಯಲ್ಲಿರುವಷ್ಟು ತೆಳುವಾಗಿಬಿಡುತ್ತದೆ. ಇದರ ಮೇಲೆ, ತಿರುವುಗಳಲ್ಲಿ ತೊಟ್ಟಿಯೊಳಗಿನ ಎಣ್ಣೆಯು ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಕ್ಕಬಹುದು. ಭಾರವು ಹೆಚ್ಚಿರುವ ಗಳಿಗೆಯಲ್ಲಿಯೇ ಪೊರೆಯು ತಪ್ಪಿದರೆ ಬೇರಿಂಗು ಸುಟ್ಟು, ಕ್ರ್ಯಾಂಕ್‌ಶಾಫ್ಟಿನವರೆಗೂ ಕೇಡು ಮುಟ್ಟುತ್ತದೆ.

ಹಾಗಾದರೆ ಡಬ್ಬಿಯ ಮೇಲಿನ ಅಂಕಿಗಳು ಏನನ್ನು ಹೇಳುತ್ತವೆ? ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಸ್ಥೆಯು ೧೯೧೧ರಿಂದ ಎಣ್ಣೆಗಳನ್ನು ಸ್ನಿಗ್ಧತೆಯ ಮೇಲೆ ವಿಂಗಡಿಸುತ್ತ ಬಂದಿದೆ. ‘೫ಡಬ್ಲ್ಯು-೪೦’ ಎಂಬುದರಲ್ಲಿ ಮೊದಲ ಭಾಗವು ಚಳಿಗಾಲದ ಮಾತು. ೫ಡಬ್ಲ್ಯು ಎಣ್ಣೆಯು ಎಂಜಿನನ್ನು ತಿರುಗಿಸಲು ಎಷ್ಟು ಅಡ್ಡಿಮಾಡುವುದೆಂಬುದನ್ನು ಸೊನ್ನೆಗಿಂತ ೩೦ ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಇಂಥ ಚಳಿಯನ್ನು ಲಿಂಗಸುಗೂರು ಎಂದೂ ಕಂಡಿಲ್ಲ. ಆದ್ದರಿಂದ ನಮ್ಮವರಿಗೆ ಮುಖ್ಯವಾದದ್ದು ಎರಡನೆಯ ಅಂಕಿ. ಅದು ೧೦೦ ಡಿಗ್ರಿಯ ಸ್ನಿಗ್ಧತೆಯನ್ನು ಸೂಚಿಸುತ್ತದೆ: ೩೦ ಎಂದರೆ ೯.೩ರಿಂದ ೧೨.೫ರವರೆಗೆ, ೪೦ ಎಂದರೆ ೧೨.೫ರಿಂದ ೧೬.೩ರವರೆಗೆ, ೫೦ ಎಂದರೆ ೧೬.೩ರಿಂದ ೨೧.೯ರವರೆಗೆ ಸೆಂಟಿಸ್ಟೋಕುಗಳು.

ಆದರೆ ಇದಿಷ್ಟೂ ಪೂರ್ಣ ಸತ್ಯವಲ್ಲ. ಮಸ್ಕಿಯ ಬಂಡೆಯ ಕಥೆಯನ್ನು ಇಲ್ಲಿ ನೆನೆಯಬಹುದು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಲ್ಲಿಯ ಶಾಸನವನ್ನು ಕಂಡುಹಿಡಿದನು. ಅದಕ್ಕೆ ಮುಂಚೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದುವು; ಮಸ್ಕಿಯ ಶಾಸನದಲ್ಲಿ ಅಶೋಕನೆಂಬ ಹೆಸರೇ ಇತ್ತು. ಆ ಒಂದು ಹೆಸರಿನಿಂದ ಸಂದೇಹವು ತೀರಿತು. ಎಣ್ಣೆಯ ಡಬ್ಬಿಯೂ ಒಂದು ಶಾಸನವೇ. ‘ರೇಸಿಂಗ್’, ‘ಅಲ್ಟ್ರಾ’, ‘ಪ್ರೀಮಿಯಂ’ ಎಂದು ಮುಂಭಾಗದಲ್ಲಿ ದೊಡ್ಡಕ್ಷರಗಳಲ್ಲಿರುವುವೆಲ್ಲ ಬಿರುದುಗಳು. ಹೆಸರು ಹಿಂಭಾಗದಲ್ಲಿ, ಸಣ್ಣಕ್ಷರಗಳಲ್ಲಿರುತ್ತದೆ. ‘ಸಿಂಥೆಟಿಕ್’ ಎಂಬುದು ಕೂಡ ಈಗ ಅರ್ಧ ಬಿರುದೇ ಆಗಿದೆ. ೧೯೯೯ರಲ್ಲಿ ಅಮೆರಿಕದಲ್ಲಿ ಜಾಹಿರಾತಿನ ವಿವಾದವೊಂದು ತೀರ್ಮಾನವಾದ ಮೇಲೆ, ಕಚ್ಚಾ ತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ಪಡೆದ ಎಣ್ಣೆಗೂ ಆ ಹೆಸರು ಸಲ್ಲತೊಡಗಿತು.

ಹಾಗಾದರೆ ಓದಬೇಕಾದದ್ದು ಯಾವುದು? ಒಂದು, ಕಾರಿನ ತಯಾರಕರು ಕೈಪಿಡಿಯಲ್ಲಿ ಕೇಳಿರುವ ಪ್ರಮಾಣದ ಸಂಖ್ಯೆ. ಎರಡು, ಎಣ್ಣೆಯ ಕಂಪನಿಯವರ ವಿವರಪತ್ರದಲ್ಲಿ ‘ಎಚ್‌ಟಿಎಚ್‌ಎಸ್’ ಎಂದು ಅಚ್ಚಾಗಿರುವ ಅಂಕಿ. ಎಣ್ಣೆಯನ್ನು ೧೫೦ ಡಿಗ್ರಿಗೆ ಕಾಯಿಸಿ, ಬೇರಿಂಗಿನೊಳಗಿರುವಂಥ ಇಕ್ಕಟ್ಟಿನಲ್ಲಿ ಬಿರುಸಾಗಿ ಅರೆದಾಗ ಉಳಿಯುವ ಸ್ನಿಗ್ಧತೆಯೇ ಅದು. ೨೦ನೆಯ ದರ್ಜೆಗೆ ಅದು ಕನಿಷ್ಠ ೨.೬, ೩೦ಕ್ಕೆ ೨.೯, ೫ಡಬ್ಲ್ಯು-೪೦ಕ್ಕೆ ೩.೫, ೫೦ಕ್ಕೆ ೩.೭ ಇರಬೇಕೆಂಬ ನಿಯಮವುಂಟು. ಯುರೋಪಿನ ತಯಾರಕರ ‘ಎ೩/ಬಿ೪’ ಎಂಬ ಗುರುತು ಇದ್ದರೆ ಅದು ೩.೫ಕ್ಕೆ ಕಡಮೆಯಿರುವುದಿಲ್ಲ. ಪಥಕ್ಕೆ ಹೋಗುವವನು ಮೊದಲು ನೋಡತಕ್ಕ ಅಂಕಿ ಇದೇ.

ಇನ್ನು ಟ್ರ್ಯಾಕ್ಟರಿನವರ ಅಭಿಪ್ರಾಯಕ್ಕೆ ಬರೋಣ. ಬಿಸಿಲುನಾಡಿನಲ್ಲಿ ಎಣ್ಣೆಯು ಮಂದವಾಗಿದ್ದಷ್ಟೂ ಮೇಲೆಂದು ಅವರು ಹೇಳುತ್ತಾರೆ. ಭತ್ತದ ಗದ್ದೆಯಲ್ಲಿ ಗಂಟೆಗಟ್ಟಲೆ ಪೂರ್ಣಭಾರದಲ್ಲಿ ದುಡಿಯುವ ಡೀಸೆಲ್ ಎಂಜಿನಿಗೆ ೧೫ಡಬ್ಲ್ಯು-೪೦ ಎಣ್ಣೆಯು ತಕ್ಕದ್ದೆಂಬುದು ಅನುಭವಸಿದ್ಧವಾದ ಮಾತು. ಉಷ್ಣವನ್ನೂ ಭಾರವನ್ನೂ ನೋಡಿ ಎಣ್ಣೆಯನ್ನು ಆರಿಸಬೇಕೆಂಬ ಅವರ ತತ್ತ್ವವೂ ಸರಿ. ಆದರೆ ಅದೇ ಡಬ್ಬಿಯನ್ನು ವೇಗದ ಪೆಟ್ರೋಲ್ ಕಾರಿಗೆ ಸುರಿಯುವುದು ಸರಿಯಲ್ಲ. ಡೀಸೆಲ್ ಎಂಜಿನಿನ ಎಣ್ಣೆಗೆ ಬೆರಸುವ ಕ್ಯಾಲ್ಸಿಯಂ ಲವಣಗಳು ಹೆಚ್ಚಾದರೆ, ಟರ್ಬೊ ಇರುವ ನೇರ ಇಂಧನ ಸಿಂಚನದ ಪೆಟ್ರೋಲ್ ಎಂಜಿನಿನಲ್ಲಿ ಕಿಡಿ ಹಾರುವುದಕ್ಕೆ ಮುಂಚೆಯೇ ಇಂಧನವು ಹತ್ತಿಕೊಳ್ಳುವ ಅಪಾಯವು ಹೆಚ್ಚುತ್ತದೆ. ಈ ಅಪಾಯವನ್ನು ತಡೆಯುವ ಪರೀಕ್ಷೆಯನ್ನು ೨೦೨೦ರಲ್ಲಿ ಬಂದ ‘ಎಪಿಐ ಎಸ್‌ಪಿ’ ಎಂಬ ಪ್ರಮಾಣದಲ್ಲಿ ಸೇರಿಸಲಾಗಿದೆ.

ಅಲ್ಲದೆ, ಮಂದವಾದುದೆಲ್ಲ ಒಳ್ಳೆಯದೆಂಬುದೂ ನಿಜವಲ್ಲ. ಅತಿ ಮಂದವಾದ ಎಣ್ಣೆಯು ಕಿರಿದಾದ ನಾಳಗಳಲ್ಲಿ ನಿಧಾನವಾಗಿ ಹರಿಯುತ್ತದೆ; ಹರಿದು ಉಷ್ಣವನ್ನು ಹೊತ್ತೊಯ್ಯುವುದೂ ಎಣ್ಣೆಯ ಕರ್ತವ್ಯವೇ. ಮಂದತನವನ್ನು ಮುರಿಯುವುದಕ್ಕೆ ವೆಚ್ಚವಾದ ಶಕ್ತಿಯು ಮತ್ತೆ ಉಷ್ಣವಾಗಿಯೇ ಎಣ್ಣೆಯನ್ನು ಸೇರುತ್ತದೆ. ಔಡಲೆಣ್ಣೆಯ ಇತಿಹಾಸವೂ ಇಂಥ ಪಾಠವನ್ನೇ ಹೇಳುತ್ತದೆ. ಅದರ ಗಟ್ಟಿ ಪೊರೆಗಾಗಿ ಒಂದು ಕಾಲದಲ್ಲಿ ಪಂದ್ಯದ ಕಾರುಗಳವರೂ ವಿಮಾನಗಳವರೂ ಅದನ್ನು ಆದರಿಸಿದರು. ೧೯೦೯ರಲ್ಲಿ ಬಂದ ಕ್ಯಾಸ್ಟ್ರಾಲ್ ಎಂಬ ಹೆಸರೂ ಔಡಲದ ಆಂಗ್ಲನಾಮದಿಂದಲೇ ಹುಟ್ಟಿತು. ಆದರೆ ಅದು ಬೇಗ ಅಂಟುಗಟ್ಟುತ್ತದೆ. ಪ್ರತಿ ಓಟದ ಮೇಲೂ ಎಂಜಿನನ್ನು ಬಿಚ್ಚಿ ತೊಳೆಯುವವನಿಗೆ ಅದು ಸರಿ. ೭೦೦ ಕಿಲೋಮೀಟರು ಹಿಂದಿರುಗಬೇಕಾದವನಿಗೆ ಸಲ್ಲದು.

ತಯಾರಕರೇ ಈ ವ್ಯತ್ಯಾಸವನ್ನು ಒಪ್ಪಿರುವುದಕ್ಕೆ ಒಂದು ನಿದರ್ಶನವಿದೆ. ಅಮೆರಿಕದ ಫೋರ್ಡ್ ಕಂಪನಿಯವರು ತಮ್ಮ ೫ ಲೀಟರಿನ ಮಸ್ಟ್ಯಾಂಗ್ ಜಿಟಿ ಕಾರಿಗೆ ಸಾಮಾನ್ಯವಾಗಿ ೫ಡಬ್ಲ್ಯು-೨೦ ಎಣ್ಣೆಯನ್ನು ಹೇಳಿದ್ದರು. ಅದೇ ಮನೆತನದ ಎಂಜಿನನ್ನು ಪಥಕ್ಕೆಂದು ತಿದ್ದಿ ೨೦೧೨ರ ಮಾದರಿಯ ಬಾಸ್ ೩೦೨ ಎಂಬ ಕಾರನ್ನು ಮಾಡಿದಾಗ ೫ಡಬ್ಲ್ಯು-೫೦ ಎಂದು ಬರೆದರು. ಎಣ್ಣೆಯನ್ನು ಬದಲಿಸಿದುದು ಮಾತ್ರವಲ್ಲ, ತೊಟ್ಟಿಯೊಳಗೆ ತಡೆಗಳನ್ನಿಟ್ಟರು, ಎಣ್ಣೆಯನ್ನು ತಂಪುಮಾಡುವ ಕೂಲರನ್ನೂ ಕೂಡಿಸಿದರು. ಇಂಧನದ ಉಳಿತಾಯಕ್ಕೆ ಒಂದು ಎಣ್ಣೆ, ಎಂಜಿನಿನ ರಕ್ಷಣೆಗೆ ಇನ್ನೊಂದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದ್ದರಿಂದ ನಾವು ಕೊಡಬಹುದಾದ ಸಲಹೆ ಇಷ್ಟು. ಕೈಪಿಡಿಯು ಒಂದಕ್ಕಿಂತ ಹೆಚ್ಚು ದರ್ಜೆಗಳನ್ನು ಒಪ್ಪಿದ್ದರೆ, ಪಥದ ದಿನಕ್ಕೆ ಅವುಗಳಲ್ಲಿ ಮೇಲಿನದನ್ನು ಆರಿಸತಕ್ಕದ್ದು: ೩೦ರಿಂದ ೪೦ಕ್ಕೆ, ಹೀಗೆ ಒಂದು ಮೆಟ್ಟಿಲು. ಒಪ್ಪದಿದ್ದರೆ ಕಂಪನಿಯ ಸರ್ವಿಸ್ ಕೇಂದ್ರದವರಿಂದ ಲಿಖಿತವಾಗಿ ತಿಳಿಯದೆ ಮುಂದುವರಿಯಬಾರದು. ಅದಕ್ಕಿಂತ ಮೇಲಕ್ಕೆ ಹೋಗುವ ಮುನ್ನ ಎಣ್ಣೆಯ ಉಷ್ಣವನ್ನು ಅಳೆಯುವ ಮಾಪಕವೊಂದನ್ನು ಕೂಡಿಸಿ, ಊಹೆಯ ಬದಲು ಅಳತೆಯಿಂದ ನಿರ್ಣಯಿಸಬೇಕು. ಉಷ್ಣವು ೧೩೦ ಡಿಗ್ರಿ ಮೀರುತ್ತಲೇ ಇದ್ದರೆ ಬೇಕಾದದ್ದು ಕೂಲರು. ಇನ್ನೂ ಮಂದವಾದ ಎಣ್ಣೆಯಲ್ಲ. ಅಳತೆಯ ಕಡ್ಡಿಯಲ್ಲಿ ಎಣ್ಣೆಯು ಮೇಲಿನ ಗೆರೆಗೆ ಸಮನಾಗಿರಲಿ, ಮೀರದಿರಲಿ. ಪ್ರತಿ ಸರದಿಯ ಅನಂತರವೂ ನೋಡತಕ್ಕದ್ದು. ಕೊನೆಯ ಸುತ್ತನ್ನು ಮೆಲ್ಲಗೆ ಓಡಿಸಿ ಎಂಜಿನನ್ನು ತಣಿಸಬೇಕು. ಕಾದ ಟರ್ಬೊವನ್ನು ಫಕ್ಕನೆ ನಿಲ್ಲಿಸಿದರೆ ಅದರೊಳಗಿನ ಎಣ್ಣೆಯು ಇದ್ದಿಲಾಗುತ್ತದೆ. ಉಷ್ಣವು ಹತ್ತು ಡಿಗ್ರಿ ಏರಿದರೆ ಎಣ್ಣೆಯು ಕೆಡುವ ವೇಗವು ಸುಮಾರು ಇಮ್ಮಡಿಯಾಗುವುದರಿಂದ, ರಸ್ತೆಯ ಲೆಕ್ಕದ ಸಾವಿರಾರು ಕಿಲೋಮೀಟರುಗಳನ್ನು ಕಾಯದೆ, ಒಂದೆರಡು ಪಥದ ದಿನಗಳಾದೊಡನೆಯೇ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುವುದು ಲೇಸು. ದುಬಾರಿ ಎಣ್ಣೆಯನ್ನು ಬಹುಕಾಲ ಇಟ್ಟುಕೊಳ್ಳುವುದಕ್ಕಿಂತ, ಪ್ರಮಾಣಕ್ಕೆ ಸರಿಹೊಂದುವ ಮಧ್ಯಮ ಬೆಲೆಯದನ್ನು ಬೇಗ ಬೇಗ ಬದಲಿಸುವುದು ಮೇಲು.

ತೆಗೆದ ಎಣ್ಣೆಯನ್ನು ಕಾಲುವೆಗೋ ಚರಂಡಿಗೋ ಸುರಿಯಕೂಡದು. ಬಳಸಿದ ಎಣ್ಣೆಯು ೨೦೧೬ರ ನಿಯಮಗಳ ಮೇರೆಗೆ ಅಪಾಯಕಾರಿ ತ್ಯಾಜ್ಯ. ಅದನ್ನು ಸರ್ವಿಸ್ ಕೇಂದ್ರದ ಮೂಲಕ ಅಧಿಕೃತ ಸಂಸ್ಕರಣಕಾರರಿಗೆ ಮುಟ್ಟಿಸಬೇಕು. ಎಡದಂಡೆಯ ಕಾಲುವೆಯ ನೀರನ್ನು ಗದ್ದೆಗಳು ಮಾತ್ರವಲ್ಲ, ಊರುಗಳೂ ಕುಡಿಯುತ್ತವೆ.

ಕೊನೆಯದಾಗಿ ಒಂದು ಮಾತು. ಒಳ್ಳೆಯ ಎಣ್ಣೆಯನ್ನು ತುಂಬಿಸಿದ ಕಾರು ಮನೆಯ ಮುಂದೆ ನಿಂತಿರುವಾಗ, ಕೊಯಮತ್ತೂರು ದೂರವೆಂದೂ ಮಸ್ಕಿಯ ಹೆದ್ದಾರಿ ಹತ್ತಿರವೆಂದೂ ತರುಣರ ಮನಸ್ಸಿಗೆ ತೋರುವುದು ಸಹಜ. ಆ ಹೆದ್ದಾರಿಯ ಮೇಲೆ ದೀಪವಿಲ್ಲದ ಭತ್ತದ ಟ್ರ್ಯಾಕ್ಟರುಗಳೂ, ಮನೆಗೆ ಮರಳುವ ದನಗಳೂ, ಶಾಲೆಯ ಮಕ್ಕಳೂ ಇರುತ್ತಾರೆ. ಪಥದಲ್ಲಿ ಎಣ್ಣೆಯ ಪೊರೆಯು ತಪ್ಪಿದರೆ ಹೋಗುವುದು ಒಂದು ಎಂಜಿನು; ರಸ್ತೆಯಲ್ಲಿ ವಿವೇಕವು ತಪ್ಪಿದರೆ ಹೋಗುವುದನ್ನು ಯಾವ ಗ್ಯಾರೇಜಿನವರೂ ಸರಿಮಾಡಲಾರರು. ವೇಗವನ್ನು ಪಥಕ್ಕೆ ಮೀಸಲಿಟ್ಟು, ಪಥಕ್ಕೆ ತಕ್ಕ ಎಣ್ಣೆಯನ್ನು ಅಳೆದು ಆರಿಸಿ, ಹೋದ ಕಾರಿನಲ್ಲಿಯೇ ಕ್ಷೇಮವಾಗಿ ಊರಿಗೆ ಮರಳುವವನೇ ನಿಪುಣನೆಂದು ನಾವು ಎಣಿಸುತ್ತೇವೆ.