ಕಾಯುವ ದಿನಗಳಲ್ಲಿ ದಂಪತಿಗಳ ಕರ್ತವ್ಯ



ಮೂರ್ಛೆರೋಗಕ್ಕೆ ಸೂಕ್ತವಾದ 2 ಬಗೆಯ ಔಷಧಿಗಳನ್ನು ಕ್ರಮವಾಗಿ ಸೇವಿಸಿದರೂ ಸೆಳವು ನಿಲ್ಲದಿದ್ದಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂಬುದನ್ನು ತಜ್ಞರು ಪರಿಶೀಲಿಸುವರು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ಹಾಗೂ ವಿಡಿಯೋ ಇ.ಇ.ಜಿ. ಪರೀಕ್ಷೆಗಳಿಂದ, ಸೆಳವು ಮಿದುಳಿನ ಯಾವ ಭಾಗದಲ್ಲಿ ಹುಟ್ಟುವುದೆಂದು ಹುಡುಕುವರು. ಆ ಭಾಗವನ್ನು ತೆಗೆದರೆ ಮಾತಿಗೆ, ನೆನಪಿಗೆ, ಕೈಕಾಲುಗಳ ಶಕ್ತಿಗೆ ಹಾನಿಯಾದೀತೇ ಎಂದೂ ಅಳೆದು ನೋಡುವರು. ಆದುದರಿಂದಲೇ ಉತ್ತರ ತಡವಾಗುವುದು.

ಅಲ್ಲಿಯವರೆಗೆ ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಸೆಳವು ಬಂದ ದಿನ, ವೇಳೆ, ರೀತಿಗಳನ್ನು ಬರೆದಿಡಿ. ರೋಗಿಯು ಬಾವಿಗೋ ಕೆರೆಗೋ ಒಂಟಿಯಾಗಿ ಹೋಗದಿರಲಿ. ಪತ್ನಿಗೆ ಈ ರೋಗವಿದ್ದರೆ, ಗರ್ಭಧಾರಣೆಗೆ ಮುಂಚೆಯೇ ವೈದ್ಯರ ಸಲಹೆ ಪಡೆಯಿರಿ.

ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದರೂ ಚಿಕಿತ್ಸೆಯ ಬಾಗಿಲು ಮುಚ್ಚಿತೆಂದು ತಿಳಿಯದಿರಿ, ಬೇರೆ ಮಾರ್ಗಗಳುಂಟು. ಪರೀಕ್ಷೆಗೆ ಇಬ್ಬರೂ ಜೊತೆಯಾಗಿ ಹೋಗಿರಿ. ಸೆಳವನ್ನು ಕಣ್ಣಾರೆ ಕಂಡವರ ಮಾತು ವೈದ್ಯರಿಗೆ ಅತ್ಯಗತ್ಯ.