ಹಸುವಿನ ಕುತ್ತಿಗೆ: ಎಳೆಯುವ ಮುನ್ನ ಯೋಚಿಸಿ
(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕೆಚ್ಚಲು, ಗೊರಸು, ಹೊಟ್ಟೆಯ ಬಗ್ಗೆ ನೀವು ನನ್ನನ್ನು ಆಗಾಗ ಕೇಳುತ್ತೀರಿ. ದಿನವೂ ಹಗ್ಗ ಹಾಕುವ ಕುತ್ತಿಗೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಇಂದು ಅದನ್ನೇ ಹೇಳುತ್ತೇನೆ.

ಹಸುವಿನ ಕುತ್ತಿಗೆಯಲ್ಲಿ 7 ಮೂಳೆಗಳಿವೆ. ನಮಗೂ 7, ಜಿರಾಫೆಗೂ 7; ವ್ಯತ್ಯಾಸ ಮೂಳೆಯ ಉದ್ದದಲ್ಲಿ. ತಲೆಬುರುಡೆಗೆ ಕೂಡಿಕೊಂಡ ಮೊದಲನೆಯ ಮೂಳೆಯಿಂದ ತಲೆ ಮೇಲೆ ಕೆಳಗೆ ಆಡುತ್ತದೆ. ಎರಡನೆಯದರ ಮೇಲೆ ಮೊದಲನೆಯದು ತಿರುಗುವುದರಿಂದ ತಲೆ ಅತ್ತಿತ್ತ ಹೊರಳುತ್ತದೆ. ಮೇಲ್ಭಾಗದಲ್ಲಿ ರಬ್ಬರಿನಂತೆ ಹಿಗ್ಗುವ ದಪ್ಪ ನಾರೊಂದು ತಲೆಯ ಭಾರ ಹೊರಲು ನೆರವಾಗುತ್ತದೆ. ಗಂಟೆಗಟ್ಟಲೆ ತಲೆ ತಗ್ಗಿಸಿ ಮೇಯ್ದರೂ ಹಸು ದಣಿಯದಿರುವುದು ಅದರಿಂದಲೇ.

ಈ ಮೂಳೆಗಳ ಒಳಗಿನ ಕೊಳವೆಯಲ್ಲಿ ಬೆನ್ನುಹುರಿ ಸಾಗುತ್ತದೆ. ಮುಂಗಾಲಿಗೆ ಮತ್ತು ಉಸಿರಾಟದ ವಪೆಗೆ ಹೋಗುವ ನರಗಳು ಹೊರಡುವುದು ಇಲ್ಲಿಂದ. ಇಲ್ಲಿ ಜೋರಾಗಿ ಪೆಟ್ಟಾದರೆ ಕಾಲಿನ ಬಲ ಹೋಗಬಹುದು, ಉಸಿರೇ ನಿಲ್ಲಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಚೆನ್ನಾಗಿ ಹಾಲು ಕೊಡುವ ಹಸು ಕರು ಹಾಕಿದ 2-3 ದಿನಗಳೊಳಗೆ ನೆಲಹಿಡಿದು, ಕುತ್ತಿಗೆಯನ್ನು ಪಕ್ಕೆಗೆ ಮಡಚಿಕೊಂಡು ಮಲಗುವುದುಂಟು. 'ಕತ್ತು ಉಳುಕಿದೆ', 'ದೃಷ್ಟಿಯಾಗಿದೆ' ಎಂದು ಜನ ಎಳೆದು ನೆಟ್ಟಗೆ ಮಾಡುತ್ತಾರೆ. ಬಿಟ್ಟ ಕೂಡಲೇ ಅದು ಮತ್ತೆ ಮಡಚಿಕೊಳ್ಳುತ್ತದೆ. ದೋಷ ಮೂಳೆಯದಲ್ಲ. ಸುಣ್ಣದ ಅಂಶ ಹಾಲಿನೊಡನೆ ಹೊರಹೋಗಿ, ರಕ್ತದಲ್ಲಿ ಕಡಿಮೆಯಾಗಿ ಸ್ನಾಯುಗಳು ಸೋತಿರುತ್ತವೆ. ಇದೇ ಹಾಲು ಜ್ವರ. ಹೆಸರಿಗೆ ಜ್ವರ, ಕಿವಿ ಮುಟ್ಟಿದರೆ ತಣ್ಣಗಿರುತ್ತದೆ.

ಒಂದು ಊರಿನಲ್ಲಿ ನಾನು ತಲುಪುವಷ್ಟರಲ್ಲಿ ನಾಲ್ಕು ಜನ ಸೇರಿ ಇಂಥ ಹಸುವನ್ನು ಕುತ್ತಿಗೆಯ ಹಗ್ಗದಿಂದ ನೆರಳಿಗೆ ಎಳೆದಿದ್ದರು. ಸುಣ್ಣದಂಶದ ಔಷಧಿ ಕೊಟ್ಟೆ. ಕಿವಿ ಬೆಚ್ಚಗಾಯಿತು, ಮೆಲುಕು ಹಾಕಿತು, ಆದರೆ ಏಳಲಿಲ್ಲ. ಕುತ್ತಿಗೆಗೆ ಪೆಟ್ಟಾಗಿತ್ತು. ಆ ಮನೆಗೆ ಇದ್ದದ್ದು ಅದೊಂದೇ ಹಸು.

ಆದ್ದರಿಂದ ಇಷ್ಟು ನೆನಪಿಡಿ:

1. ತಡಮಾಡದೆ ಪಶುವೈದ್ಯರನ್ನು ಕರೆಸಿ. ರಕ್ತನಾಳಕ್ಕೆ ನಿಧಾನವಾಗಿ ಔಷಧಿ ಕೊಟ್ಟರೆ ಹೆಚ್ಚಿನ ಹಸುಗಳು ಕೆಲವೇ ಗಂಟೆಗಳಲ್ಲಿ ಏಳುತ್ತವೆ.

2. ಅಲ್ಲಿಯವರೆಗೆ ಹುಲ್ಲು ತುಂಬಿದ ಚೀಲಗಳನ್ನು ಎರಡೂ ಬದಿಗೆ ಒತ್ತಿಟ್ಟು, ಹಸುವನ್ನು ಎದೆಯ ಮೇಲೆ ಕೂರಿಸಿ.

3. ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿಯಿಲ್ಲದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

4. ಜಾಗ ಬದಲಿಸಲೇಬೇಕಾದರೆ ಗಟ್ಟಿ ಹಲಗೆ ಅಥವಾ ಬಾಗಿಲಿನ ಮೇಲೆ ಹೊರಳಿಸಿ, ಹಲಗೆಯನ್ನು ಎಳೆಯಿರಿ, ಕತ್ತನ್ನಲ್ಲ.

ಹಗ್ಗ ಇರುವುದು ಹಸುವನ್ನು ಕಟ್ಟುವುದಕ್ಕೆ, ಬಿದ್ದ ಹಸುವನ್ನು ಎಳೆಯುವುದಕ್ಕಲ್ಲ. ಮನೆಯ ಹೆಣ್ಣುಮಕ್ಕಳಿಗೂ ಇದನ್ನು ತಿಳಿಸಿ. ಮೊದಲು ನೋಡುವವರು ಅವರೇ.